ಯಾವ ಸಾಲ್ಟ್ ಕೊಟ್ರೂ ಬ್ರೌನ್ ರಿಂಗ್ ಬರ್ತಿದೆ! ಟೈಟ್ರೇಶನ್ ರೀಡಿಂಗೂ ಕೂಡ್ತಿಲ್ಲ (ಸೆಕೆಂಡ್ ಪಿಯು ಕೆಮಿಸ್ಟ್ರಿ ಪ್ರಾಕ್ಟಿಕಲ್)

ಕಾಮರ್ಸ್_ತಗೋಬೇಕಿತ್ತು
ಎಲ್ಲರಿಗೂ ನಮಸ್ಕಾರ. ಸೆಕೆಂಡ್ ಪಿಯು ಸೈನ್ಸ್. ಪ್ರಾಕ್ಟಿಕಲ್ ಹತ್ತಿರ ಬಂತು, ಎರಡು ವಿಷಯ ತಲೆ ತಿಂತಿದೆ.

ಒಂದು ಸಾಲ್ಟ್ ಅನಾಲಿಸಿಸ್. ನಮ್ಮ ಬ್ಯಾಚಲ್ಲಿ ಯಾವ ಸಾಲ್ಟ್ ತಗೊಂಡ್ರೂ ಬ್ರೌನ್ ರಿಂಗ್ (ನೈಟ್ರೇಟ್ ಇದ್ರೆ ಮಾತ್ರ ಟ್ಯೂಬಲ್ಲಿ ಕಾಣಬೇಕಾದ ಕಂದು ಉಂಗುರ) ಬರುತ್ತೆ. ಅಮೋನಿಯಂ ಕ್ಲೋರೈಡ್‌ಗೂ ಬಂತು, ಜಿಂಕ್ ಸಲ್ಫೇಟ್‌ಗೂ ಬಂತು. ಹಾಗಾದ್ರೆ ನೈಟ್ರೇಟ್ ಅಂತ ನಂಬೋದು ಹೇಗೆ?

ಇನ್ನೊಂದು ಪರ್ಮಾಂಗನೇಟ್–ಆಕ್ಸಾಲಿಕ್ ಆಸಿಡ್ ಟೈಟ್ರೇಶನ್, ಅಂದ್ರೆ ಗುಲಾಬಿ ಬಣ್ಣ ನಿಲ್ಲೋವರೆಗೂ ಪರ್ಮಾಂಗನೇಟ್ ಹನಿಸಿ ಎಷ್ಟು ಹಿಡೀತು ಅಂತ ಅಳೆಯೋದು. 10 ಎಂಎಲ್ ಆಕ್ಸಾಲಿಕ್‌ಗೆ ರೀಡಿಂಗ್ 10.9, 10.2, 9.7 ಹೀಗೆ ಓಡಾಡ್ತಿದೆ. ಒಮ್ಮೊಮ್ಮೆ ಫ್ಲಾಸ್ಕಲ್ಲಿ ಗುಲಾಬಿ ಬದಲು ಕಂದು ಬಣ್ಣದ ರಾಡಿ ಕಾಣುತ್ತೆ. ಪಕ್ಕದವರನ್ನ ಕೇಳಿದ್ರೆ "10.2 ಅಂತ ಮೂರು ಸಲ ಬರ್ಕೋ, ಮುಗೀತು" ಅಂತಾರೆ. ಬರ್ಕೊಳ್ಳೋದು ಗೊತ್ತು, ಯಾಕೆ ಹೀಗಾಗ್ತಿದೆ ಅನ್ನೋದು ಬೇಕು.

ಮೂರನೇ ಬೆಂಚು
ಪುಕ್ಕಟೆ ನೈಟ್ರೇಟ್ ಸಿಗ್ತಿದ್ರೆ ಬೇಡ ಅನ್ನೋರನ್ನ ಇವತ್ತೇ ನೋಡಿದ್ದು.

ಪ್ರನಾಳ
ರಿಂಗ್ ಟೆಸ್ಟನ್ನ ಯಾವುದರ ಮೇಲೆ ಮಾಡ್ತೀರಿ? ಸಾಲ್ಟನ್ನ ನೀರಲ್ಲಿ ಕರಗಿಸಿಯೋ, ಸೋಡಿಯಂ ಕಾರ್ಬೊನೇಟ್ ಎಕ್ಸ್‌ಟ್ರಾಕ್ಟ್ ಮೇಲೋ? ಎಕ್ಸ್‌ಟ್ರಾಕ್ಟ್ ಆದ್ರೆ ಅದನ್ನ ನ್ಯೂಟ್ರಲ್ ಮಾಡೋಕೆ ಯಾವ ಆಸಿಡ್ ಹಾಕಿದ್ರು ಅಂತ ಮೊದಲು ಹೇಳಿ.

ಕಾಮರ್ಸ್_ತಗೋಬೇಕಿತ್ತು
ಎಕ್ಸ್‌ಟ್ರಾಕ್ಟ್ ಮೇಲೇ. ಪ್ರತಿ ಟೇಬಲ್‌ಗೂ ಒಂದೊಂದು ಬೀಕರ್, ಬುರುಗು ನಿಲ್ಲೋವರೆಗೂ ಡೈಲ್ಯೂಟ್ ನೈಟ್ರಿಕ್ ಹಾಕಿ ಇಟ್ಟಿರ್ತಾರೆ. ಅದರಿಂದಲೇ ಎಲ್ಲ ಆನಯಾನ್ (ಸಾಲ್ಟಿನ ನೆಗೆಟಿವ್ ಭಾಗ) ಟೆಸ್ಟೂ.

ಪ್ರನಾಳ
ಸಿಕ್ತು. ನೈಟ್ರಿಕ್ ಆಸಿಡ್ ಅಂದ್ರೇ ನೈಟ್ರೇಟ್. ನೀವೇ ಹಾಕಿದ ನೈಟ್ರೇಟನ್ನ ನೀವೇ ಹುಡುಕ್ತಿದೀರಿ. ಸಕ್ಕರೆ ತಂದಿಟ್ರೂ ಆ ಬೀಕರಲ್ಲಿ ರಿಂಗ್ ಬರುತ್ತೆ.

ಎಕ್ಸ್‌ಟ್ರಾಕ್ಟ್ ಮಾಡೋದು ಯಾಕೆ ಅನ್ನೋದರಿಂದ ಶುರು ಮಾಡೋಣ. ಒಂದು ಪಾಲು ಸಾಲ್ಟಿಗೆ ಎರಡು ಮೂರು ಪಾಲು ಸೋಡಿಯಂ ಕಾರ್ಬೊನೇಟ್, ಹದಿನೈದಿಪ್ಪತ್ತು ಎಂಎಲ್ ಡಿಸ್ಟಿಲ್ಡ್ ವಾಟರ್ ಹಾಕಿ ಹತ್ತು ನಿಮಿಷ ಕುದಿಸಿ ಸೋಸ್ತೀವಿ. ಸೀಸ, ಬೇರಿಯಂ, ಸ್ಟ್ರಾನ್ಷಿಯಂ, ಜಿಂಕ್ ಥರದ ಲೋಹಗಳು ಕಾರ್ಬೊನೇಟ್ ಆಗಿ ಫಿಲ್ಟರ್ ಪೇಪರ್ ಮೇಲೆ ಉಳೀತವೆ. ಆನಯಾನ್ ಮಾತ್ರ ಸೋಡಿಯಂ ಜೊತೆ ಕೆಳಗಿಳಿಯುತ್ತೆ. ಅದರ ಜೊತೆ ಹೆಚ್ಚಾದ ಕಾರ್ಬೊನೇಟೂ ಇಳಿದಿರುತ್ತೆ. ಅದನ್ನ ಓಡಿಸದೆ ಸಿಲ್ವರ್ ನೈಟ್ರೇಟ್ ಹಾಕಿದ್ರೆ ಸಿಲ್ವರ್ ಕಾರ್ಬೊನೇಟ್, ಬೇರಿಯಂ ಕ್ಲೋರೈಡ್ ಹಾಕಿದ್ರೆ ಬೇರಿಯಂ ಕಾರ್ಬೊನೇಟ್ ಬಂದು ಕೂರುತ್ತೆ. ಅದಕ್ಕೇ ಆಸಿಡ್.

ಆದರೆ ಆಸಿಡ್ ಟೆಸ್ಟಿಗೆ ತಕ್ಕ ಹಾಗೆ ಬದಲಾಗಬೇಕು. ಕ್ಲೋರೈಡ್‌ಗೆ ಸಿಲ್ವರ್ ನೈಟ್ರೇಟ್ ಹಾಕೋ ಟ್ಯೂಬಿಗೆ ಡೈಲ್ಯೂಟ್ ನೈಟ್ರಿಕ್. ಸಲ್ಫೇಟ್‌ಗೆ ಬೇರಿಯಂ ಕ್ಲೋರೈಡ್ ಹಾಕೋ ಟ್ಯೂಬಿಗೆ ಡೈಲ್ಯೂಟ್ ಹೈಡ್ರೋಕ್ಲೋರಿಕ್ ಅಥವಾ ಅಸಿಟಿಕ್. ಬ್ರೌನ್ ರಿಂಗ್ ಟ್ಯೂಬಿಗೆ ಡೈಲ್ಯೂಟ್ ಸಲ್ಫ್ಯೂರಿಕ್. ಸಾಮಾನ್ಯ ಬೀಕರ್‌ಗೆ ಯಾವ ಆಸಿಡನ್ನೂ ಹಾಕಬೇಡಿ, ಎಕ್ಸ್‌ಟ್ರಾಕ್ಟ್ ಹಾಗೇ ಇರಲಿ. ಎರಡೆರಡು ಎಂಎಲ್ ಮೂರು ಟ್ಯೂಬಿಗೆ ಹಂಚಿಕೊಂಡು ಆಮೇಲೆ ಆಸಿಡ್.

ಹುಬ್ಳಿ ಮಂದಿ
ಎಲ್ಲಾ ಖರೇ ಅದ, ಆದ್ರ ನೀರಾಗ ಕರಗೋ ಸಾಲ್ಟಿಗೆ ಎಕ್ಸ್‌ಟ್ರಾಕ್ಟ್ ಯಾಕ್ ಬೇಕ್ರಿ? ಹುಡುಗ್ರ ಟೈಮ್ ಸುಮ್ನ ಹಾಳು. ಅಮೋನಿಯಂ ಕ್ಲೋರೈಡ್, ಮೆಗ್ನೀಷಿಯಂ ಸಲ್ಫೇಟ್ ಇವನ್ನ ಸೀದಾ ನೀರಾಗ ಕರಗಿಸಿ ಟೆಸ್ಟ್ ಮಾಡಿದ್ರ ಏನೂ ಆಗಂಗಿಲ್ಲ.

ಪ್ರನಾಳ
ಅಮೋನಿಯಂ, ಮೆಗ್ನೀಷಿಯಂಗೆ ಒಪ್ಪಿದೆ ಸರ್. ಆದರೆ ಸ್ಟ್ರಾನ್ಷಿಯಂ ನೈಟ್ರೇಟ್, ಬೇರಿಯಂ ನೈಟ್ರೇಟ್, ಲೆಡ್ ನೈಟ್ರೇಟ್ ಕೂಡ ನೀರಲ್ಲಿ ಸೊಗಸಾಗಿ ಕರಗ್ತವೆ. ರಿಂಗ್ ನೋಡೋಕೆ ಸಲ್ಫ್ಯೂರಿಕ್ ಬಿಟ್ಟ ಕೂಡಲೇ ಬಿಳಿ ಸಲ್ಫೇಟ್ ಇಳಿದು ಟ್ಯೂಬ್ ಮಜ್ಜಿಗೆ ಆಗುತ್ತೆ. ಆ ಬಿಳುಪಲ್ಲಿ ತೆಳ್ಳನೆ ರಿಂಗ್ ಹುಡುಕಬೇಕು. ಯಾವ ಸಾಲ್ಟ್ ಅಂತ ಗೊತ್ತಿಲ್ಲದೇ ಕೂತಿರೋ ಹುಡುಗನಿಗೆ ಎಕ್ಸ್‌ಟ್ರಾಕ್ಟೇ ಸುರಕ್ಷಿತ.

ಹುಬ್ಳಿ ಮಂದಿ
ಆತು, ಅದನ್ನ ಒಪ್ಪಿದೆ. ಬೇರಿಯಂ ಇದ್ರ ತ್ರಾಸ ಆಗ್ತದ.

ಕಡಲತೀರ
ರಿಂಗ್ ಬಗ್ಗೆ ಇನ್ನೂ ಸ್ವಲ್ಪ ಉಂಟು. ಈಗ ಎಲ್ಲದಕ್ಕೂ ಬರ್ತದೆ ಅಂತೀರಿ, ಆಸಿಡ್ ಸರಿ ಮಾಡಿದ ಮೇಲೆ ನಿಜವಾದ ನೈಟ್ರೇಟಿಗೂ ಬರ್ಲಿಕ್ಕಿಲ್ಲ, ನೋಡಿ ಬೇಕಾದರೆ. ಕಾರಣ ರಿಂಗಿಗೆ ಅಂತ ಹಾಕುವ ಫೆರಸ್ ಸಲ್ಫೇಟ್. ಬಾಟಲಿಯಲ್ಲಿ ವಾರಗಟ್ಟಲೆ ಇಟ್ಟ ದ್ರಾವಣ ಹಳದಿ ತಿರುಗಿರ್ತದೆ, ಅಂದರೆ ಫೆರಸ್ ಎಲ್ಲ ಫೆರಿಕ್ ಆಗಿದೆ. ಅದಕ್ಕೆ ರಿಂಗ್ ಕೊಡುವ ಶಕ್ತಿ ಇಲ್ಲ. ತಿಳಿ ಹಸಿರು ಹರಳು ನಾಲ್ಕೈದು ತಗೊಂಡು ಆಗಲೇ ತಣ್ಣೀರಲ್ಲಿ ಕರಗಿಸಿ, ಒಂದು ಹನಿ ಡೈಲ್ಯೂಟ್ ಸಲ್ಫ್ಯೂರಿಕ್ ಹಾಕಿ. ಬಿಸಿ ಮಾಡ್ಲೇಬಾರದು.

ಆಮೇಲೆ ಅದನ್ನು ಎಕ್ಸ್‌ಟ್ರಾಕ್ಟಿಗೆ ಸೇರಿಸಿ, ಟ್ಯೂಬನ್ನು ಓರೆ ಹಿಡಿದು ಕಾನ್ಸಂಟ್ರೇಟೆಡ್ ಸಲ್ಫ್ಯೂರಿಕ್ ಗೋಡೆಗುಂಟ ಹನಿಹನಿಯಾಗಿ ಇಳಿಸಬೇಕು. ಅದು ಭಾರ, ಕೆಳಗೆ ಹೋಗಿ ಕೂರ್ತದೆ. ಎರಡು ಪದರ ಸೇರುವ ಜಾಗದಲ್ಲಿ ರಿಂಗ್. ಆ ಕಂದು ಬಣ್ಣ ಕಬ್ಬಿಣ ಮತ್ತು ನೈಟ್ರಿಕ್ ಆಕ್ಸೈಡಿನ ಕಾಂಪ್ಲೆಕ್ಸಿನದು, ಬಿಸಿ ತಾಗಿದರೆ ಒಡೀತದೆ. ಟ್ಯೂಬ್ ಅಲ್ಲಾಡಿಸಿದಿರೋ, ಆಸಿಡ್ ನೀರಿಗೆ ಸೇರಿ ಬಿಸಿ ಏರಿ ರಿಂಗ್ ಮಾಯ. ಹೊರಗಿನಿಂದ ನಲ್ಲಿ ನೀರಿನಲ್ಲಿ ತಣ್ಣಗೆ ಮಾಡ್ತಾ ಇದ್ರೆ ಚೆನ್ನಾಗಿ ನಿಲ್ತದೆ.

ಗುಂಪು ಸೊನ್ನೆ
ಬ್ರೋಮೈಡ್, ಅಯೋಡೈಡ್ ಇದ್ರೂ ಕಂದು ಬರುತ್ತೆ, ಮರೀಬೇಡಿ. ಕಾನ್ಸಂಟ್ರೇಟೆಡ್ ಸಲ್ಫ್ಯೂರಿಕ್ ಬ್ರೋಮಿನ್, ಅಯೋಡಿನ್ ಬಿಡಿಸುತ್ತೆ. ಅದು ರಿಂಗಲ್ಲ. ಅದಕ್ಕೇ ಒಣ ಸಾಲ್ಟಿನ ಟೆಸ್ಟ್ ಮೊದಲು. ಸಾಲ್ಟಿಗೆ ಕಾನ್ಸಂಟ್ರೇಟೆಡ್ ಸಲ್ಫ್ಯೂರಿಕ್ ಹಾಕಿ ಸ್ವಲ್ಪ ಬಿಸಿ ಮಾಡಿ, ತಾಮ್ರದ ಚೂರು ಹಾಕಿದಾಗ ಕೆಂಗಂದು ಹೊಗೆ ಜೋರಾದ್ರೆ ನೈಟ್ರೇಟ್. ರಿಂಗ್ ಅದನ್ನ ಗಟ್ಟಿ ಮಾಡ್ಕೊಳ್ಳೋಕೆ ಅಷ್ಟೇ.

ತಿಳಿಗುಲಾಬಿ
ಟೈಟ್ರೇಶನ್‌ಗೆ ಬರ್ತೀನಿ. ರಾಡಿ ಬಂದ ರೀಡಿಂಗ್ ಮೂರರಲ್ಲಿ ಯಾವುದು? 10.9 ಇರ್ಬೇಕು.

ಕಾಮರ್ಸ್_ತಗೋಬೇಕಿತ್ತು
ಹೌದು ಮೇಡಂ! ಹೇಗೆ ಗೊತ್ತಾಯ್ತು?

ತಿಳಿಗುಲಾಬಿ
ಆಸಿಡ್ ಸಾಕಷ್ಟಿದ್ದಾಗ ಪರ್ಮಾಂಗನೇಟ್ ಪೂರ್ತಿ ಕೆಳಗಿಳಿದು ಬಣ್ಣವಿಲ್ಲದ ಮ್ಯಾಂಗನಸ್ ಆಗುತ್ತೆ, ಒಂದೊಂದೂ 5 ಇಲೆಕ್ಟ್ರಾನ್ ತಗೊಳ್ಳುತ್ತೆ. ಆಸಿಡ್ ಸಾಲದಿದ್ರೆ ಅರ್ಧದಾರಿಯಲ್ಲಿ ಮ್ಯಾಂಗನೀಸ್ ಡೈಆಕ್ಸೈಡ್ ಆಗಿ ನಿಲ್ಲುತ್ತೆ. ಆಗ 3 ಮಾತ್ರ. ಅಷ್ಟೇ ಆಕ್ಸಾಲಿಕ್ ಮುಗಿಸೋಕೆ ಹೆಚ್ಚು ಪರ್ಮಾಂಗನೇಟ್ ಬೇಕು, ರೀಡಿಂಗ್ ಏರುತ್ತೆ. ಕಂದು ರಾಡಿ ಅಂದ್ರೆ ಅದೇ ಡೈಆಕ್ಸೈಡ್. ರಾಡಿ ಬಂದ ಫ್ಲಾಸ್ಕನ್ನ ಮುಂದುವರಿಸಬೇಡಿ, ಚೆಲ್ಲಿ ಹೊಸದು ತಗೊಳ್ಳಿ.

ಸರಿಯಾದ ಕ್ರಮ ಹೀಗೆ. ಪಿಪೆಟ್ಟನ್ನ (10 ಎಂಎಲ್ ಅಳೆಯೋ ಕೊಳವೆ) ಆಕ್ಸಾಲಿಕ್‌ನಿಂದ, ಬ್ಯೂರೆಟ್ಟನ್ನ (ಹನಿಹನಿ ಬಿಡೋಕೆ ನಲ್ಲಿ ಇರೋ ಕೊಳವೆ) ಪರ್ಮಾಂಗನೇಟ್‌ನಿಂದ ತೊಳೀರಿ. ಫ್ಲಾಸ್ಕನ್ನ ಮಾತ್ರ ಬರೀ ಡಿಸ್ಟಿಲ್ಡ್ ವಾಟರಲ್ಲಿ. ಅದಕ್ಕೆ ಆಕ್ಸಾಲಿಕ್ ಹಾಕಿ ತೊಳೆದ್ರೆ 10 ಎಂಎಲ್ ಮೇಲೆ ಲೆಕ್ಕಕ್ಕಿಲ್ಲದ ಆಕ್ಸಾಲಿಕ್ ಸೇರಿರುತ್ತೆ. ಬ್ಯೂರೆಟ್ ತುಂಬಿದ ಮೇಲೆ ಫನಲ್ ತೆಗೀರಿ, ತೂತಿನ ತುದಿಯಲ್ಲಿ ಗಾಳಿಗುಳ್ಳೆ ಇದ್ರೆ ನಲ್ಲಿ ಪೂರ್ತಿ ತಿರುಗಿಸಿ ಹೊರಹಾಕಿ. ನಡುವೆ ಗುಳ್ಳೆ ಹೊರಟ್ರೆ ಅದರ ಜಾಗವೂ ರೀಡಿಂಗ್‌ನಲ್ಲಿ ಸೇರಿಕೊಳ್ಳುತ್ತೆ.

ಫ್ಲಾಸ್ಕಿಗೆ 10 ಎಂಎಲ್ ಆಕ್ಸಾಲಿಕ್, ಅದರ ಮೇಲೆ 10 ಎಂಎಲ್‌ನಷ್ಟು ಡೈಲ್ಯೂಟ್ ಸಲ್ಫ್ಯೂರಿಕ್. ಅಳತೆ ಜಾರಲ್ಲಿ ಅಳೀರಿ, "ಸ್ವಲ್ಪ" ಅಂತ ಸುರೀಬೇಡಿ. 60ರಿಂದ 70 ಡಿಗ್ರಿಗೆ ಬಿಸಿ ಮಾಡಿ, ಕುದಿಸಬೇಡಿ. ಮೊದಲ ಕೆಲವು ಹನಿ ನಿಧಾನ. ಬಣ್ಣ ಹೋಗೋಕೆ ಹೊತ್ತು ಹಿಡಿಯುತ್ತೆ, ಅದನ್ನ ಎಂಡ್ ಪಾಯಿಂಟ್ (ಹನಿಸೋದು ನಿಲ್ಲಿಸಬೇಕಾದ ಹಂತ) ಅನ್ಕೊಂಡು ನಿಲ್ಲಿಸೋರಿದ್ದಾರೆ. ಒಂದಿಷ್ಟು ಮ್ಯಾಂಗನಸ್ ಹುಟ್ಟಿದ ಮೇಲೆ ಅದೇ ಕ್ಯಾಟಲಿಸ್ಟ್ ಆಗಿ ಕೆಲಸ ಚುರುಕಾಗುತ್ತೆ. ಆಟೋಕ್ಯಾಟಲಿಸಿಸ್ ಅಂತ ವೈವಾದಲ್ಲಿ ಕೇಳೋದು ಇದನ್ನೇ. ಶುರುವಲ್ಲೇ ನಲ್ಲಿ ಪೂರ್ತಿ ಬಿಟ್ರೆ ಮತ್ತೆ ರಾಡಿ.

9.7 ಬಂದಿದ್ದು ತಣ್ಣಗಾದ ಫ್ಲಾಸ್ಕ್ ಇರಬಹುದು. ಆರಿದ್ರೆ ರಿಯಾಕ್ಷನ್ ತೂಕಡಿಸುತ್ತೆ, ಆಕ್ಸಾಲಿಕ್ ಇನ್ನೂ ಉಳಿದಿರುವಾಗಲೇ ಗುಲಾಬಿ ನಿಂತಂತೆ ಕಾಣುತ್ತೆ. ಅಥವಾ ಕುದಿಸಿರಬಹುದು. ಕುದಿಸಿದ್ರೆ ಆಕ್ಸಾಲಿಕ್ ಒಡೆಯೋಕೆ ಶುರು, ಆಗಲೂ ರೀಡಿಂಗ್ ಕಡಿಮೆ.

ಮೂರನೇ ಬೆಂಚು
ಲ್ಯಾಬಲ್ಲಿ ಥರ್ಮಾಮೀಟರ್ ಯಾರು ಕೊಡ್ತಾರೆ ಮೇಡಂ?

ತಿಳಿಗುಲಾಬಿ
ಬೇಕಾಗಿಲ್ಲ. ಫ್ಲಾಸ್ಕ್ ಗೋಡೆಯಲ್ಲಿ ಆವಿ ಮಂಜುಗಟ್ಟೋಕೆ ಶುರುವಾಗಿ, ತಳವನ್ನ ಅಂಗೈಲಿ ಎರಡು ಮೂರು ಸೆಕೆಂಡ್‌ಗಿಂತ ಹೆಚ್ಚು ಹಿಡಿಯೋಕಾಗಲ್ಲ ಅನ್ನೋ ಹದ ಸಾಕು.

ಕಡಲತೀರ
ಅಂಗೈ ಯಾಕೆ ಸುಟ್ಟುಕೊಳ್ಳಬೇಕು ಮಾರಾಯ್ರೆ, ಕುತ್ತಿಗೆ ಹತ್ತಿರ ಬಟ್ಟೆ ಸುತ್ತಿ ಹಿಡೀಲಿ. ಉಳಿದದ್ದು ಸರಿ. ಆಕ್ಸಾಲಿಕ್ ಬದಲು ಮೋರ್ಸ್ ಸಾಲ್ಟ್ (ಫೆರಸ್ ಅಮೋನಿಯಂ ಸಲ್ಫೇಟ್) ಬಂದರೆ ಮಾತ್ರ ಬಿಸಿ ಮಾಡಲೇಬೇಡಿ ಅಂತ ಕೂಡ ಹೇಳಿಬಿಡಿ. ಬಿಸಿಗೆ ಗಾಳಿಯೇ ಫೆರಸ್ಸನ್ನು ಫೆರಿಕ್ ಮಾಡ್ತದೆ, ಪರ್ಮಾಂಗನೇಟಿಗೆ ಕೆಲಸ ಉಳಿಯುವುದಿಲ್ಲ. ಸಾಲ್ಟ್ ಕರಗಿಸುವಾಗಲೇ ಡೈಲ್ಯೂಟ್ ಸಲ್ಫ್ಯೂರಿಕ್ ಹಾಕಬೇಕು, ಇಲ್ಲದಿದ್ದರೆ ಹೈಡ್ರಾಲಿಸಿಸ್ ಆಗಿ ಕಲಕ್ತದೆ.

ಹುಬ್ಳಿ ಮಂದಿ
ಮೆನಿಸ್ಕಸ್ (ಕೊಳವೆಯಾಗ ದ್ರಾವಣದ ಬಾಗಿದ ಮೇಲ್ಮೈ) ಕೆಳಗಿಂದು ನೋಡಬೇಕು ಅಂತ ಯಾರೂ ಹೇಳಲಿಲ್ಲಲ್ರಿ. ಹುಡುಗ್ರು ಮ್ಯಾಲಿಂದು ನೋಡ್ತಾರ, ಅದಕ್ಕ ತಪ್ಪು.

ತಿಳಿಗುಲಾಬಿ
ಪರ್ಮಾಂಗನೇಟಿಗೆ ಮೇಲಿನದೇ ಸರ್. ಬಣ್ಣ ಗಾಢ, ಕೆಳಗಿನ ಅಂಚು ಕಾಣೋದೇ ಇಲ್ಲ. ಬಣ್ಣ ಇಲ್ಲದ ದ್ರಾವಣಕ್ಕೆ ಕೆಳಗಿನದು.

ಹುಬ್ಳಿ ಮಂದಿ
ಹಂಗಾದ್ರ ಪಿಪೆಟ್‌ದಾಗ ಕೆಳಗಿಂದು, ಬ್ಯೂರೆಟ್‌ದಾಗ ಮ್ಯಾಲಿಂದು. ವ್ಯತ್ಯಾಸ ಆಗಂಗಿಲ್ಲೇನು?

ಗುಂಪು ಸೊನ್ನೆ
ಆಗಲ್ಲ. ಬ್ಯೂರೆಟಲ್ಲಿ ಕೊನೆ ರೀಡಿಂಗಿಂದ ಮೊದಲ ರೀಡಿಂಗ್ ಕಳೀತೀವಿ. ಎರಡೂ ಮೇಲಿನ ಅಂಚಾದ್ರೆ ಹೆಚ್ಚುವರಿ ಎರಡೂ ಕಡೆ ಹೋಗಿ ಸಮ ಆಗುತ್ತೆ. ಶುರುವಲ್ಲಿ ಮೇಲಿನದು, ಕೊನೆಗೆ ಕೆಳಗಿನದು ಅಂತ ಬೆರೆಸಿದ್ರೆ ಮಾತ್ರ ಕೆಡುತ್ತೆ. ಕಣ್ಣು ಸಮಕ್ಕಿರಬೇಕು, ಸ್ಟೂಲ್ ಮೇಲೆ ನಿಂತು ಬಗ್ಗಿ ನೋಡೋದಲ್ಲ.

ಲೆಕ್ಕದ ಬಗ್ಗೆ ಒಂದು ಮಾತು, ಮಾರ್ಕ್ಸ್ ಜಾಸ್ತಿ ಹೋಗೋದು ಅಲ್ಲೇ. ಆಕ್ಸಾಲಿಕ್ 0.05 ಮೋಲಾರ್, ಅಂದ್ರೆ 250 ಎಂಎಲ್‌ಗೆ 1.575 ಗ್ರಾಂ. ಎರಡು ನೀರಿನ ಹರಳು ಸೇರಿ ಮೋಲಾರ್ ಮಾಸ್ 126, ನೀರು ಬಿಟ್ಟು 90 ಅಂತ ಹಾಕಬೇಡಿ. ಎರಡು ಪರ್ಮಾಂಗನೇಟಿಗೆ ಐದು ಆಕ್ಸಾಲಿಕ್. ರೀಡಿಂಗ್ 10.2 ಆದ್ರೆ ಪರ್ಮಾಂಗನೇಟ್ ಮೊಲಾರಿಟಿ (2 × 0.05 × 10) ಭಾಗಿಸು (5 × 10.2), ಅಂದ್ರೆ 0.0196. ಇದನ್ನ 158ರಿಂದ ಗುಣಿಸಿದ್ರೆ ಲೀಟರಿಗೆ ಸುಮಾರು 3.1 ಗ್ರಾಂ. 2 ಮತ್ತು 5 ಅದಲುಬದಲಾದ್ರೆ ಉತ್ತರ ಆರು ಪಟ್ಟು ಮೀರಿ 19 ಗ್ರಾಂ ಅಂತ ಬರುತ್ತೆ. ಎರಡಂಕಿ ಗ್ರಾಂ ಕಂಡ್ರೆ ಅಲ್ಲೇ ನಿಂತು ಹಿಂದೆ ನೋಡಿ. ಮೋರ್ಸ್ ಸಾಲ್ಟಿಗೆ ಒಂದಕ್ಕೆ ಐದು, ಮೋಲಾರ್ ಮಾಸ್ 392.

ಕಾಮರ್ಸ್_ತಗೋಬೇಕಿತ್ತು
ಸಲ್ಫ್ಯೂರಿಕ್ ಬದಲು ಹೈಡ್ರೋಕ್ಲೋರಿಕ್ ಯಾಕೆ ಬೇಡ ಅಂತ ವೈವಾದಲ್ಲಿ ಕೇಳ್ತಾರಂತೆ. ಕ್ಲೋರೈಡ್ ಕ್ಲೋರಿನ್ ಆಗುತ್ತೆ ಅಂತ ಗೊತ್ತು. ನೈಟ್ರಿಕ್?

ತಿಳಿಗುಲಾಬಿ
ನೈಟ್ರಿಕ್ ತಾನೇ ಆಕ್ಸಿಡೈಸಿಂಗ್ ಏಜೆಂಟ್. ಪರ್ಮಾಂಗನೇಟ್ ಮಾಡಬೇಕಾದ ಕೆಲಸದಲ್ಲಿ ಪಾಲು ಕೇಳುತ್ತೆ. ಹೈಡ್ರೋಕ್ಲೋರಿಕ್ ಹಾಕಿದ್ರೆ ಕ್ಲೋರೈಡ್ ಮೇಲೂ ಪರ್ಮಾಂಗನೇಟ್ ಖರ್ಚಾಗುತ್ತೆ, ರೀಡಿಂಗ್ ಹೆಚ್ಚು. ಮುಂದಿನ ಪ್ರಶ್ನೆಯೂ ತಯಾರಿರಲಿ: ಪರ್ಮಾಂಗನೇಟನ್ನೇ ತೂಗಿ ಸ್ಟ್ಯಾಂಡರ್ಡ್ ದ್ರಾವಣ ಯಾಕೆ ಮಾಡಲ್ಲ? ಅದರಲ್ಲಿ ಮ್ಯಾಂಗನೀಸ್ ಡೈಆಕ್ಸೈಡ್ ಕಲಬೆರಕೆ ಇರುತ್ತೆ, ಬೆಳಕಿಗೂ ಕೆಡುತ್ತೆ. ಕಂದು ಬಾಟಲಿಯಲ್ಲಿ ಇಡೋದು ಅದಕ್ಕೇ.

ಮೂರನೇ ಬೆಂಚು
ಇಷ್ಟೆಲ್ಲ ತಲೆನೋವು ಯಾಕೆ? ಸಾಲ್ಟ್ ನೋಡಿದ್ರೆ ಗೊತ್ತಾಗುತ್ತೆ ಗುರು. ನೀಲಿ ಹರಳು ಕಾಪರ್ ಸಲ್ಫೇಟ್, ಹಸಿರು ನಿಕ್ಕಲ್, ಮಾಸಲು ಗುಲಾಬಿ ಮ್ಯಾಂಗನೀಸ್, ಕಡು ಗುಲಾಬಿ ಕೋಬಾಲ್ಟ್. ಕೈಗೆ ಭಾರ ಅನ್ಸಿದ್ರೆ ಲೆಡ್ ಇಲ್ಲ ಬೇರಿಯಂ. ಹಿಂದಿನಿಂದ ಟೆಸ್ಟ್ ಬರ್ಕೊಂಡು ಬಂದ್ರೆ ಆಯ್ತು.

ಪ್ರನಾಳ
ಬಣ್ಣದವು ನಾಲ್ಕು. ಉಳಿದವು ಹೆಚ್ಚಾಗಿ ಬಿಳಿ. ಜಿಂಕ್ ಸಲ್ಫೇಟ್, ಮೆಗ್ನೀಷಿಯಂ ಸಲ್ಫೇಟ್ ಪಕ್ಕಪಕ್ಕ ಇಟ್ಟು ಹೇಳಿ ನೋಡೋಣ. ಎರಡಕ್ಕೂ ಏಳು ನೀರು, ಹರಳಿನ ಆಕಾರವೂ ಒಂದೇ ಥರ, ಐಸೋಮಾರ್ಫಸ್. ಪುಡಿ ಮಾಡಿ ಕೊಟ್ಟಿದ್ರಂತೂ ದೇವರೇ ಗತಿ. ಲೋಹ ಹುಡುಕೋ ಟೆಸ್ಟಿನ ಗ್ರೂಪಲ್ಲಿ ಜಿಂಕ್ ನಾಲ್ಕನೇದು, ಮೆಗ್ನೀಷಿಯಂ ಆರನೇದು. ಊಹೆ ತಪ್ಪಿದ್ರೆ ನೀವು ಹಿಂದಿನಿಂದ ಬರೆದ ಅಷ್ಟೂ ಟೆಸ್ಟ್ ಸುಳ್ಳು ಅಂತ ಎಕ್ಸಾಮಿನರ್‌ಗೆ ಒಂದೇ ನೋಟಕ್ಕೆ ಗೊತ್ತಾಗುತ್ತೆ.

ಮೂರನೇ ಬೆಂಚು
ಹ್ಞೂಂ, ಆ ಜೋಡಿ ಕಷ್ಟ.

ಕಿಪ್ಪಣ್ಣ
ಗ್ರೂಪ್ ಅಂದ ಕೂಡಲೇ ಬಂದೆ. ನಮ್ಮ ಸಿಲಬಸ್ಸಲ್ಲಿ ಒಂದು ಸಾಲ್ಟಲ್ಲಿ ಒಂದೇ ಕ್ಯಾಟಯಾನ್ (ಪಾಸಿಟಿವ್ ಭಾಗ). ಆದ್ದರಿಂದ ಒಂದು ಗ್ರೂಪ್ ಇಲ್ಲ ಅಂತ ಖಾತ್ರಿ ಆದ್ರೆ ಅದೇ ಟ್ಯೂಬ್ ಹಿಡ್ಕೊಂಡು ಮುಂದೆ ಹೋಗಬೇಡಿ, ಒರಿಜಿನಲ್ ಸಲ್ಯೂಷನ್ ಹೊಸದಾಗಿ ತಗೊಳ್ಳಿ. ಎರಡನೇ ಗ್ರೂಪಲ್ಲಿ ಎಚ್‌ಟೂಎಸ್ (ಹೈಡ್ರೋಜನ್ ಸಲ್ಫೈಡ್ ಗ್ಯಾಸ್) ಬಿಟ್ಟ ಟ್ಯೂಬಿಗೇ ಅಮೋನಿಯಂ ಹೈಡ್ರಾಕ್ಸೈಡ್ ಹಾಕಿದ್ರೆ ನಾಲ್ಕನೇ ಗ್ರೂಪಿನ ಸಲ್ಫೈಡ್ ಮೂರನೇ ಗ್ರೂಪಲ್ಲೇ ಇಳಿದು ದಾರಿ ತಪ್ಪಿಸುತ್ತೆ. ಅದೇ ಟ್ಯೂಬ್ ಬಳಸಲೇಬೇಕಾದ್ರೆ ಕುದಿಸಿ ಎಚ್‌ಟೂಎಸ್ ಓಡಿಸಿ, ಬಾಯಿಗೆ ಲೆಡ್ ಅಸಿಟೇಟ್ ಪೇಪರ್ ಹಿಡಿದ್ರೆ ಕಪ್ಪಾಗಬಾರದು.

ಮೂರನೇ ಗ್ರೂಪಿಗೆ ಘನ ಅಮೋನಿಯಂ ಕ್ಲೋರೈಡ್ ಮೊದಲು, ಅಮೋನಿಯಂ ಹೈಡ್ರಾಕ್ಸೈಡ್ ಆಮೇಲೆ. ತಿರುವುಮುರುವು ಮಾಡಿದ್ರೆ ಮೆಗ್ನೀಷಿಯಂ, ಜಿಂಕ್, ಮ್ಯಾಂಗನೀಸ್ ಎಲ್ಲ ಹೈಡ್ರಾಕ್ಸೈಡ್ ಆಗಿ ಬಿಳಿ ಇಳಿದು ಅಲ್ಯೂಮಿನಿಯಂ ಅನ್ನಿಸುತ್ತೆ. ಕಾಮನ್ ಅಯಾನ್ ಎಫೆಕ್ಟ್ ಪಾಠದಲ್ಲಿ ಓದಿದ್ದು ಇದಕ್ಕೇ. ಅಲ್ಯೂಮಿನಿಯಂದು ಅಂಟಂಟು ಗಂಜಿ ಥರ, ಲಿಟ್ಮಸ್ ಹಾಕಿ ಲೇಕ್ ಟೆಸ್ಟ್ ಮಾಡಿದ್ರೆ ನೀಲಿ ತೇಲುತ್ತೆ. ಬಾಟಲಿಯ ಅಮೋನಿಯಂ ಹೈಡ್ರಾಕ್ಸೈಡ್ ಹಳತಾಗಿದ್ರೆ ಗಾಳಿಯ ಕಾರ್ಬನ್ ಡೈಆಕ್ಸೈಡ್ ಹೀರಿಕೊಂಡಿರುತ್ತೆ. ಆಗ ಬೇರಿಯಂ, ಸ್ಟ್ರಾನ್ಷಿಯಂ ಕೂಡ ಮೂರನೇ ಗ್ರೂಪಲ್ಲೇ ಕಾರ್ಬೊನೇಟ್ ಆಗಿ ಬೀಳ್ತವೆ.

ಲೆಡ್ ಬಗ್ಗೆ: ಮೊದಲ ಗ್ರೂಪಲ್ಲಿ ಸಿಗದೇ ಎರಡನೇ ಗ್ರೂಪಲ್ಲಿ ಕಪ್ಪಗೆ ಇಳಿದ್ರೆ ಗಾಬರಿ ಬೇಡ. ಲೆಡ್ ಕ್ಲೋರೈಡ್ ತಣ್ಣೀರಲ್ಲೂ ಲೀಟರಿಗೆ ಸುಮಾರು 10 ಗ್ರಾಂ ಕರಗುತ್ತೆ. ದ್ರಾವಣ ತೆಳುವಾಗಿದ್ರೆ ಅಥವಾ ಬೆಚ್ಚಗಿದ್ರೆ ಇಳಿಯೋದೇ ಇಲ್ಲ.

ಹುಬ್ಳಿ ಮಂದಿ
ಎಚ್‌ಟೂಎಸ್ ವಾಸನಿ ಬಂದ್ರ ಕಿಟಕಿ ತಗೀಬೇಕು ಅಂತನೂ ಹೇಳ್ರಿ ಕಿಪ್ಪಣ್ಣ. ಕೊಳೆತ ತತ್ತಿ ವಾಸನಿ ಅಂತ ನಕ್ಕೋತ ಕೂಡ್ತಾವ ಹುಡುಗ್ರು.

ಕಿಪ್ಪಣ್ಣ
ಸರಿಯಾಗಿ ಹೇಳಿದ್ರಿ ಸರ್. ಅದು ಗಾಳಿಗಿಂತ ಭಾರ, ಕೆಳಗೇ ಸುಳಿದಾಡುತ್ತೆ. ಹತ್ತು ಲಕ್ಷಕ್ಕೆ 100 ಭಾಗ ದಾಟಿದ್ರೆ ಮೂಗೇ ಸತ್ತು ಹೋಗಿ ವಾಸನೆ ಗೊತ್ತಾಗಲ್ಲ. ವಾಸನೆ ನಿಂತ್ರೆ ಗ್ಯಾಸ್ ಹೋಯ್ತು ಅನ್ಕೋಬೇಡಿ. ಆ ಗ್ಯಾಸ್ ತಯಾರಿಸೋ ಕಿಪ್ಸ್ ಅಪರೇಟಸ್‌ನ ನಲ್ಲಿ ತಿರುಗಿಸೋದು ಫ್ಯೂಮ್ ಕಬೋರ್ಡಲ್ಲಿ ಮಾತ್ರ, ಬೇಕಾದಷ್ಟೇ ಗುಳ್ಳೆ.

ಕಡಲತೀರ
ವಿಷಯ ಸ್ವಲ್ಪ ಆಚೆ ಹೋಗ್ತದೆ, ಬೆರಳಿನ ಕಲೆಗೆ ಏನು ಮಾಡ್ತೀರಿ? ಪರ್ಮಾಂಗನೇಟಿನದು ಕಂದು.

ಗುಂಪು ಸೊನ್ನೆ
ಮ್ಯಾಂಗನೀಸ್ ಡೈಆಕ್ಸೈಡೇ ಅದು. ಲ್ಯಾಬಿನ ಡೈಲ್ಯೂಟ್ ಆಕ್ಸಾಲಿಕ್ ಒಂದೆರಡು ಹನಿ ಉಜ್ಜಿದ್ರೆ ಹೋಗುತ್ತೆ, ಕೂಡಲೇ ಸೋಪಲ್ಲಿ ತೊಳೀರಿ, ಆಕ್ಸಾಲಿಕ್ ಬಾಯಿಗೆ ಹೋಗಬಾರದು. ಬ್ಯೂರೆಟ್ ಒಳಗಿನ ಕಂದು ಪೊರೆಗೂ ಅದೇ ಮದ್ದು. ಸಿಲ್ವರ್ ನೈಟ್ರೇಟಿನ ಕಪ್ಪು ಕಲೆಗೆ ಇದು ನಡೆಯಲ್ಲ, ಅದು ಚರ್ಮದ ಜೊತೆಗೇ ಸವೀಬೇಕು.

ಮೂರನೇ ಬೆಂಚು
ಬ್ಯೂರೆಟ್ಟಿಗೆ ರಬ್ಬರ್ ಟ್ಯೂಬ್, ಕ್ಲಿಪ್ ಇರೋದು ಕೊಟ್ರೆ?

ಗುಂಪು ಸೊನ್ನೆ
ವಾಪಸ್ ಕೊಡಿ. ಪರ್ಮಾಂಗನೇಟ್ ರಬ್ಬರನ್ನ ತಿನ್ನುತ್ತೆ. ಗಾಜಿನ ನಲ್ಲಿಯದೇ ಕೇಳಿ ತಗೊಳ್ಳಿ.

ಕಾಮರ್ಸ್_ತಗೋಬೇಕಿತ್ತು
ರಿಂಗ್ ವಿಷಯ ಲ್ಯಾಬಲ್ಲಿ ಹೇಳಿದ್ವಿ, ಈಗ ಆಸಿಡ್ ಹಾಕದ ಎಕ್ಸ್‌ಟ್ರಾಕ್ಟ್ ಬೇರೆ ಇಡ್ತಾರೆ. ಅಮೋನಿಯಂ ಕ್ಲೋರೈಡಿಗೆ ರಿಂಗ್ ಬರಲಿಲ್ಲ! ಕೊನೇದೊಂದು: ಮೆಗ್ನೀಷಿಯಂಗೆ ಡೈಸೋಡಿಯಂ ಹೈಡ್ರೋಜನ್ ಫಾಸ್ಫೇಟ್ ಹಾಕಿದ್ರೆ ಬಿಳಿ ಬರಬೇಕು ಅಂತಾರೆ, ಟ್ಯೂಬ್ ತಿಳಿಯಾಗೇ ಇದೆ.

ಕಿಪ್ಪಣ್ಣ
ಅಮೋನಿಯಂ ಹೈಡ್ರಾಕ್ಸೈಡ್ ವಾಸನೆ ಹೊಡೆಯೋವಷ್ಟು ಹಾಕಿದೀರಾ ನೋಡಿ, ಆಸಿಡ್ ಉಳಿದಿದ್ರೆ ಅದು ಇಳಿಯಲ್ಲ. ಆಮೇಲೆ ಗಾಜಿನ ಕಡ್ಡಿಯಿಂದ ಟ್ಯೂಬಿನ ಒಳಗೋಡೆ ಗೀರಿ. ಗೀರಿದ ಗೆರೆಗೆ ಹರಳು ಹಿಡಿಯೋಕೆ ಜಾಗ ಸಿಗುತ್ತೆ. ಐದು ನಿಮಿಷ ಬಿಡಿ.

ಪ್ರನಾಳ
ಅಮೋನಿಯಂ ಇದೆಯಾ ಅಂತ ನೋಡೋದಿದ್ರೆ ಈ ಟ್ಯೂಬಲ್ಲಿ ನೋಡಬೇಡಿ, ಇದಕ್ಕೆ ನೀವೇ ಅಮೋನಿಯಾ ಸುರಿದಿದೀರಿ. ಒಣ ಸಾಲ್ಟಿಗೆ ಸೋಡಿಯಂ ಹೈಡ್ರಾಕ್ಸೈಡ್ ಹಾಕಿ ಬಿಸಿ ಮಾಡಿ.